ಕಾಫಿ ಕಣದಲ್ಲಿ ಡ್ರೋನ್ ರೇಸ್: ಮನೆಯಲ್ಲೇ ಮಾಡಿದ ಲ್ಯಾಪ್ ಟೈಮರ್ ಹಾರದ ಸುತ್ತನ್ನೂ ಎಣಿಸುತ್ತಿದೆ

ಕಣದಂಚು · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಗೋಣಿಕೊಪ್ಪದ ಕಡೆಯವನು. ಈ ವರ್ಷದ ಕಾಫಿ ಒಣಗಿ ಚೀಲ ಸೇರಿದೆ, ಕಣ ಖಾಲಿ ಬಿದ್ದಿದೆ. ಮಳೆ ಹಿಡಿಯುವವರೆಗೆ ಅಲ್ಲಿ ಮಕ್ಕಳ ಡ್ರೋನ್ ರೇಸ್. ಹಾರಿಸುವವರು ಮೂವರು: ಅಣ್ಣನ ಮಗ, ಪಕ್ಕದ ತೋಟದ ಹುಡುಗಿ, ನಮ್ಮ ತೋಟದ ಕೆಲಸದವರ ಲೈನ್‌ಮನೆಯ ಒಬ್ಬ ಹುಡುಗ. ಮೂರು ಡ್ರೋನೂ ಬ್ಯಾಟರಿ ಸೇರಿ 250 ಗ್ರಾಂ ಒಳಗೇ ಇವೆ. ಡ್ರೋನಿನ ಕ್ಯಾಮೆರಾ ಚಿತ್ರ ಪೈಲಟ್ ಹಾಕಿಕೊಂಡ ಗಾಗಲ್ಸಿಗೆ ಬರುವುದು ಅನಲಾಗ್ ವಿಡಿಯೋ ಆಗಿ, ಟ್ರಾನ್ಸ್‌ಮಿಟರ್ 25 ಮಿಲಿವ್ಯಾಟ್.

ಇಷ್ಟು ದಿನ ನಾನೇ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಪ್ರತಿ ಸುತ್ತಿಗೂ ಡ್ರೋನ್ ದಾಟುವ ಗೇಟ್ ಪಕ್ಕ ನಿಲ್ಲುತ್ತಿದ್ದೆ. ಬೆರಳು ಒತ್ತುವುದು 0.2 ಸೆಕೆಂಡ್ ತಡವಾಯಿತು ಅಂತ ಇಟ್ಟುಕೊಳ್ಳಿ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿರುವ ಡ್ರೋನ್ ಅಷ್ಟರಲ್ಲಿ 4 ಮೀಟರ್ ಮುಂದೆ ಹೋಗಿರುತ್ತದೆ. ಕಳೆದ ತಿಂಗಳು ಲೈನ್‌ಮನೆ ಹುಡುಗ ಗೆದ್ದಿದ್ದ ಸುತ್ತನ್ನು ನಾನು ತಪ್ಪಾಗಿ ಬರೆದುಕೊಂಡೆ. ಅವನು ಏನೂ ಮಾತಾಡಲಿಲ್ಲ, ಸುಮ್ನೆ ಬ್ಯಾಟರಿ ಬಿಚ್ಚಿಕೊಂಡು ಹೋದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನವೇ ಬಿಡಿಭಾಗ ತರಿಸಿದೆ.

ಮಾಡಿದ್ದು ಹೀಗೆ. ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಚಿಕ್ಕ ಮೈಕ್ರೋಕಂಟ್ರೋಲರ್), ಅದಕ್ಕೆ ಡ್ರೋನಿನ ವಿಡಿಯೋ ಸಿಗ್ನಲ್ ಹಿಡಿಯುವ ಮೂರು ಆರ್‌ಎಕ್ಸ್5808 ರಿಸೀವರ್ ಮಾಡ್ಯೂಲ್. ಒಬ್ಬೊಬ್ಬ ಪೈಲಟ್‌ಗೆ ಒಂದೊಂದು. ಮಾಡ್ಯೂಲಿನ ಆರ್‌ಎಸ್‌ಎಸ್‌ಐ, ಅಂದರೆ ಸಿಗ್ನಲ್ ಬಲ ತೋರಿಸುವ ಕಾಲಿನಲ್ಲಿ (ಪಿನ್) ಸಿಗ್ನಲ್ ಜೋರಾದಷ್ಟೂ ವೋಲ್ಟೇಜ್ ಏರುತ್ತದೆ. ಡ್ರೋನ್ ಗೇಟ್ ದಾಟುವಾಗ ಅದು ತುತ್ತತುದಿಗೆ ಹೋಗಿ ಇಳಿಯುತ್ತದೆ. ಆ ತುದಿಯ ಹೊತ್ತೇ ಲ್ಯಾಪ್ ಟೈಮ್. ಬೋರ್ಡಿನದೇ ವೈಫೈಗೆ ಫೋನ್ ಸೇರಿಸಿ 192.168.4.1 ತೆರೆದರೆ ಟೈಮ್ ಕಾಣುತ್ತದೆ, ಫೋನ್ ಅದನ್ನು ಕನ್ನಡದಲ್ಲಿ ಓದಿಯೂ ಹೇಳುತ್ತದೆ.

ಮೂವರ ವಿಡಿಯೋ ಚಾನೆಲ್ ಆರ್1, ಆರ್3, ಆರ್5. ಒಂದು ಬಿಟ್ಟು ಒಂದು, ದೂರ ಇರಲಿ ಅಂತ.

ತೊಂದರೆ ಎರಡು. ಒಂದು, ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಇರುವ ಮನೆ) ಹಿಂದಿನ ತಿರುವಿನಲ್ಲಿ ಯಾರು ಹೋದರೂ ಒಮ್ಮೊಮ್ಮೆ ಇನ್ನೊಂದು ಲ್ಯಾಪ್ ಬೀಳುತ್ತದೆ. ಎರಡು, ಆರ್5 ಹುಡುಗಿಗೆ ಹಾರದ ಸುತ್ತೂ ಲೆಕ್ಕಕ್ಕೆ ಬರುತ್ತಿದೆ. ಇವತ್ತು ಅವಳು ಹಾರಿದ್ದು 4, ಟೈಮರ್ ತೋರಿಸಿದ್ದು 6. ಒಂದು ಸಲವಂತೂ ಅವಳ ಡ್ರೋನ್ ಕಣದ ಆ ತುದಿಯಲ್ಲಿತ್ತು!

ಕೋಡ್ ಮೂರು ಸಲ ತಿರುವಿ ನೋಡಿದೆ. ಎಲ್ಲಿ ತಪ್ಪಿದ್ದೇನೆ?

ಬೆಸುಗೆಬಿಂದು · ಶನಿವಾರ ರಾತ್ರಿ

ಕುಶಾಲನಗರದಿಂದ ನಮಸ್ಕಾರ. ಒಳ್ಳೇ ಕೆಲಸ ಮಾಡಿದ್ದೀರಿ. ಕೋಡ್ ಸದ್ಯಕ್ಕೆ ಮುಚ್ಚಿಡಿ. ಲ್ಯಾಪ್ ಟೈಮರಿನಲ್ಲಿ ಕೋಡ್ ತಪ್ಪಾಗುವುದಕ್ಕಿಂತ ರಿಸೀವರ್ ಇಟ್ಟ ಜಾಗ ತಪ್ಪಾಗುವುದೇ ಜಾಸ್ತಿ.

ಮೊದಲು ಇಷ್ಟು ಹೇಳಿ. ಟೈಮರ್ ಎಲ್ಲಿ ಕಟ್ಟಿದ್ದೀರಿ? ಆಂಟೆನಾ ಯಾವುದು? ಸುಮ್ಮನಿದ್ದಾಗ ಆರ್‌ಎಸ್‌ಎಸ್‌ಐ ಎಷ್ಟು, ಗೇಟಿನಲ್ಲಿ ಎಷ್ಟು, ಪಲ್ಪರ್ ಮನೆ ಹಿಂದೆ ಎಷ್ಟು? ಲ್ಯಾಪ್ ಸಂಖ್ಯೆ ಬೇಡ, ಗ್ರಾಫ್ ಬೇಕು. ಒಬ್ಬರೇ ನಿಧಾನಕ್ಕೆ ಒಂದು ಸುತ್ತು ಹಾರಲಿ, ಅಷ್ಟನ್ನೂ ದಾಖಲು ಮಾಡಿ.

ಮಂಜಿನದಾರಿ · ಭಾನುವಾರ ಬೆಳಿಗ್ಗೆ

ಮಡಿಕೇರಿಯಿಂದ ಒಂದು ಪ್ರಶ್ನೆ. ಇಷ್ಟೆಲ್ಲಾ ಯಾಕೆ, ಗೇಟಿನ ಎರಡು ಕಂಬಕ್ಕೆ ಲೇಸರ್ ಮತ್ತು ಸೆನ್ಸರ್ ಹಾಕಿದರೆ ಸಾಕಲ್ವಾ? ಬೆಳಕು ಕಡಿದಾಗ ಒಂದು ಲ್ಯಾಪ್.

ಬೆಸುಗೆಬಿಂದು · ಭಾನುವಾರ ಬೆಳಿಗ್ಗೆ

ಒಬ್ಬರೇ ಹಾರಿಸುವುದಾದರೆ ಸಾಕು. ಮೂವರಿದ್ದರೆ ಬೆಳಕು ಕಡಿದದ್ದು ಯಾರು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಡ್ರೋನಿಗೂ ಇನ್‌ಫ್ರಾರೆಡ್ ದೀಪ ಕಟ್ಟಿ, ಒಂದೊಂದಕ್ಕೂ ಬೇರೆ ಗುರುತು ಕೊಡುವ ಪದ್ಧತಿ ಇದೆ. ಚೆನ್ನಾಗಿ ನಡೆಯುತ್ತದೆ. ಆದರೆ ಡ್ರೋನಿಗೆ ಭಾರ, ಇನ್ನೊಂದು ವೈರ್. ಬಯಲಿನ ಬಿಸಿಲನ್ನೂ ತಡೆದುಕೊಳ್ಳಬೇಕು. ವಿಡಿಯೋ ಟ್ರಾನ್ಸ್‌ಮಿಟರ್ ಹೇಗೂ ಡ್ರೋನಿನ ಮೇಲೆ ಇದ್ದೇ ಇದೆ. ಅದನ್ನೇ ಗುರುತಾಗಿ ಬಳಸಿದರೆ ಡ್ರೋನಿಗೆ ಏನೂ ಸೇರಿಸಬೇಕಿಲ್ಲ. ಆರ್‌ಎಕ್ಸ್5808 ದಾರಿ ಇಷ್ಟು ಹಬ್ಬಿದ್ದೇ ಅದಕ್ಕೆ.

ಹೊಸಚಿಗುರು · ಭಾನುವಾರ ಮಧ್ಯಾಹ್ನ

ನಾನು ಸೋಮವಾರಪೇಟೆ, ಈ ವಿಷಯಕ್ಕೆ ಹೊಸಬ. ಒಂದು ಬೋರ್ಡಿಗೆ ಮೂರು ರಿಸೀವರ್ ಹೇಗೆ ಜೋಡಿಸಿದಿರಿ ಅಣ್ಣಾ? ನನ್ನದು ಮೊದಲ ಮಾಡ್ಯೂಲಿಗೇ ನಿಂತುಹೋಗಿದೆ, ಚಾನೆಲ್ ಬದಲಾಗುತ್ತಲೇ ಇಲ್ಲ.

ಕಣದಂಚು · ಭಾನುವಾರ ಸಂಜೆ

ಹೊಸಚಿಗುರು, ಮಾಡ್ಯೂಲಿನ ಸಿಎಚ್1, ಸಿಎಚ್2, ಸಿಎಚ್3 ಅಂತ ಬರೆದ ಮೂರು ಕಾಲು ನೋಡಿ. ಎಸ್‌ಪಿಐ ಮೋಡಿನಲ್ಲಿ, ಅಂದರೆ ಬೋರ್ಡ್ ವೈರಿನ ಮೂಲಕ ಮಾಡ್ಯೂಲಿಗೆ ಆದೇಶ ಕಳಿಸುವ ಪದ್ಧತಿಯಲ್ಲಿ, ಅವು ಕ್ರಮವಾಗಿ ಡೇಟಾ, ಸೆಲೆಕ್ಟ್, ಕ್ಲಾಕ್. ಡೇಟಾ ಮತ್ತು ಕ್ಲಾಕ್ ಮೂರಕ್ಕೂ ಒಂದೇ ವೈರ್. ಸೆಲೆಕ್ಟ್ ಮಾತ್ರ ಬೇರೆ ಬೇರೆ. ಯಾವ ಮಾಡ್ಯೂಲಿಗೆ ಮಾತಾಡಬೇಕೋ ಅದರ ಸೆಲೆಕ್ಟ್ ಕೆಳಗಿಳಿಸಿದರೆ ಅದೊಂದೇ ಕೇಳಿಸಿಕೊಳ್ಳುತ್ತದೆ. ನಿಮ್ಮದು ಹಳೇ ಮಾಡ್ಯೂಲ್ ಇರಬಹುದು. ಅದರಲ್ಲಿ ತಗಡಿನ ಮುಚ್ಚಳ ತೆಗೆದು ಒಳಗಿನ ಒಂದು ಚಿಕ್ಕ ರೆಸಿಸ್ಟರ್ ಕಿತ್ತರೇನೇ ಎಸ್‌ಪಿಐ ನಡೆಯುವುದು. ಈಚೆಗೆ ಬರುವ ಹೆಚ್ಚಿನವಕ್ಕೆ ಅದು ಬೇಡ.

ಇನ್ನೊಂದು ವಿಷಯ. ಆರ್‌ಎಸ್‌ಎಸ್‌ಐ ವೈರನ್ನು ಇಎಸ್‌ಪಿ32ರ 32ರಿಂದ 39ರವರೆಗಿನ ಕಾಲುಗಳಿಗೇ ಕೊಡಿ. ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗಕ್ಕೆ ಎಡಿಸಿ ಅನ್ನುತ್ತಾರೆ; ಅಂಥ ಎರಡನೆಯದಾದ ಎಡಿಸಿ2ಕ್ಕೆ ಸೇರಿದ ಕಾಲಿಗೆ ಕೊಟ್ಟರೆ ವೈಫೈ ಶುರುವಾದ ಕೂಡಲೇ ಓದುವುದು ನಿಂತುಹೋಗುತ್ತದೆ. ನನ್ನ ಎರಡು ದಿನ ಇದರಲ್ಲೇ ಹೋಯಿತು.

ಬೆಸುಗೆಬಿಂದು ಸರ್, ಇವತ್ತು ಅಳೆದೆ. ಟೈಮರ್ ಇರುವುದು ಗೇಟ್ ಪಕ್ಕದ ಪಲ್ಪರ್ ಮನೆ ಗೋಡೆಯ ಕಂಬದಲ್ಲಿ, 2 ಮೀಟರ್ ಎತ್ತರಕ್ಕೆ. ಮಾಡಿಗೆ ಜಿಂಕ್ ಶೀಟ್. ಆಂಟೆನಾ ಅಂದರೆ ಮಾಡ್ಯೂಲಿಗೆ ಬೆಸೆದ ಒಂದು ತುಂಡು ತಂತಿ. ಸುಮ್ಮನಿದ್ದಾಗ 680, ಗೇಟಿನಲ್ಲಿ 1400, ಪಲ್ಪರ್ ಮನೆ ಹಿಂದಿನ ತಿರುವಿನಲ್ಲಿ 1350. ಗ್ರಾಫಿನಲ್ಲಿ ಒಂದು ಗುಡ್ಡ ಇರಬೇಕಾದ ಕಡೆ ಎರಡು ಗುಡ್ಡ. ಅದರ ಮೇಲೆ ಗರಗಸದ ಹಲ್ಲಿನ ಹಾಗೆ ಏರಿಳಿತ.

ಬೆಸುಗೆಬಿಂದು · ಭಾನುವಾರ ರಾತ್ರಿ

ಗ್ರಾಫ್ ಎಲ್ಲಾ ಹೇಳಿಬಿಟ್ಟಿದೆ. 1400 ಮತ್ತು 1350ರ ನಡುವೆ, ಇದನ್ನು ದಾಟಿದರೆ ಮಾತ್ರ ಲ್ಯಾಪ್ ಅನ್ನುವ ಗೆರೆ ಎಳೆಯಲು ಜಾಗವೇ ಇಲ್ಲ.

ಮೊದಲು ಗರಗಸದ ಹಲ್ಲು. 5.8 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 5.2 ಸೆಂಟಿಮೀಟರ್. ಡ್ರೋನಿಂದ ನೇರ ಬಂದ ಅಲೆ, ಶೀಟಿಗೆ ಬಡಿದು ಬಂದ ಅಲೆ ಎರಡೂ ಸೇರಿದಾಗ ಕೆಲವು ಕಡೆ ಒಂದಕ್ಕೊಂದು ಬಲ ಕೊಡುತ್ತವೆ, ಕೆಲವು ಕಡೆ ಹೊಡೆದುಹಾಕುತ್ತವೆ. ಡ್ರೋನ್ ಎರಡೂವರೆ ಸೆಂಟಿಮೀಟರ್ ಸರಿದರೆ ಸಾಕು, ಚಿತ್ರ ಬದಲಾಗುತ್ತದೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಅದಕ್ಕೆ 2 ಮಿಲಿಸೆಕೆಂಡೂ ಬೇಡ. ಹಾಗಾಗಿ ಓದಿದ ಅಂಕಿಯನ್ನು ಹಾಗೇ ನಂಬಬಾರದು, ನಯ ಮಾಡಿಕೊಳ್ಳಬೇಕು. ಆರ್‌ಎಸ್‌ಎಸ್‌ಐ ದಾರಿಯಲ್ಲಿ 1 ಕಿಲೋಓಮ್ ರೆಸಿಸ್ಟರ್, ಅಲ್ಲಿಂದ ಗ್ರೌಂಡ್ ಕಾಲಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ. ವೈಫೈ ಕರೆಂಟ್ ಎಳೆದಾಗ ಬರುವ ಚುಚ್ಚು ಇದರಲ್ಲಿ ಕಡಿಮೆ ಆಗುತ್ತದೆ. ಉಳಿದದ್ದನ್ನು ಕೋಡಿನಲ್ಲಿ ಸರಾಸರಿ ತೆಗೆದು ಸರಿಮಾಡಿ.

ಎರಡನೆಯದು, ಎಡಿಸಿ ಅಟೆನ್ಯುಯೇಷನ್ (ಒಳಬರುವ ವೋಲ್ಟೇಜನ್ನು ತಗ್ಗಿಸುವ ಪ್ರಮಾಣ) 11 ಡಿಬಿಯಲ್ಲೇ ಬಿಟ್ಟಿದ್ದೀರಿ ಅಂತ ಕಾಣುತ್ತದೆ. ಆರ್‌ಎಸ್‌ಎಸ್‌ಐ ಓಡಾಡುವುದು ಅರ್ಧ ವೋಲ್ಟಿನಿಂದ ಒಂದು ವೋಲ್ಟ್ ಚಿಲ್ಲರೆವರೆಗೆ ಮಾತ್ರ. 6 ಡಿಬಿಗೆ ಇಳಿಸಿ. ಅದೇ ವೋಲ್ಟೇಜಿಗೆ ಅಂಕಿ ಹೆಚ್ಚುಕಡಿಮೆ ಎರಡರಷ್ಟು ಬರುತ್ತದೆ.

ಮೂರನೆಯದು ಮುಖ್ಯ. ಆ ತಂತಿ ತೆಗೆಯಿರಿ. ಡ್ರೋನುಗಳಲ್ಲಿ ಇರುವುದು ವೃತ್ತಾಕಾರದ ಪೋಲರೈಸೇಷನ್, ಅಂದರೆ ಅಲೆ ಸುತ್ತುತ್ತಾ ಸಾಗುವ ಹಾಗೆ ಬಿಡುವ ಆಂಟೆನಾ ತಾನೇ? ಬಲಸುತ್ತಿನದೋ ಎಡಸುತ್ತಿನದೋ ನೋಡಿ, ಟೈಮರಿಗೂ ಅದೇ ಜಾತಿಯದು ಹಾಕಿ. ಬಲಸುತ್ತಿನ ಅಲೆ ಲೋಹದ ಶೀಟಿಗೆ ಒಮ್ಮೆ ಬಡಿದರೆ ಎಡಸುತ್ತಾಗಿ ತಿರುಗುತ್ತದೆ. ಬಲಸುತ್ತಿನ ಆಂಟೆನಾ ಅದನ್ನು ಅಷ್ಟಾಗಿ ಹಿಡಿಯುವುದಿಲ್ಲ. ನಿಮ್ಮ ತುಂಡು ತಂತಿಗೆ ಈ ಭೇದ ಗೊತ್ತಿಲ್ಲ, ಬಂದದ್ದನ್ನೆಲ್ಲಾ ಒಳಗೆ ಬಿಡುತ್ತದೆ.

ಇಷ್ಟು ಮಾಡಿ ಟೈಮರನ್ನು ಗೋಡೆಯಿಂದ ಕಿತ್ತು ಗೇಟಿನ ಬುಡಕ್ಕೆ ತನ್ನಿ.

ಮೆಣಸುಬಳ್ಳಿ · ಸೋಮವಾರ ಬೆಳಿಗ್ಗೆ

ಸಿದ್ದಾಪುರದಿಂದ. ಆರ್5 ಹುಡುಗಿಯ ತೊಂದರೆ ಓದಿ ಕಾಗದ ಪೆನ್ನು ತೆಗೆದುಕೊಂಡು ಕೂತೆ. ರೇಸ್‌ಬ್ಯಾಂಡಿನಲ್ಲಿ, ಅಂದರೆ ರೇಸ್ ಡ್ರೋನಿನ ಎಂಟು ವಿಡಿಯೋ ಚಾನೆಲಿನ ಪಟ್ಟಿಯಲ್ಲಿ, ಆರ್1 ಅಂದರೆ 5658 ಮೆಗಾಹರ್ಟ್ಸ್. ಅಲ್ಲಿಂದ 37ರಂತೆ ಏರುತ್ತದೆ. ಆರ್3 5732, ಆರ್5 5806.

ಎರಡು ಟ್ರಾನ್ಸ್‌ಮಿಟರ್ ಒಂದು ರಿಸೀವರಿನ ಮೂಗಿನಡಿ ಒಟ್ಟಿಗೆ ಬಂದರೆ ರಿಸೀವರಿನ ಒಳಗೇ ಅವು ಬೆರೆತು ಹೊಸ ಸಿಗ್ನಲ್ ಹುಟ್ಟಬಹುದು. ಅದು ಎಲ್ಲಿ ಹುಟ್ಟುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ: ಒಂದರ ಎರಡರಷ್ಟರಲ್ಲಿ ಇನ್ನೊಂದನ್ನು ಕಳೆಯಬೇಕು. 5732ರ ಎರಡರಷ್ಟು 11464. ಅದರಲ್ಲಿ 5658 ಕಳೆದರೆ 5806. ಅಂದರೆ ಇಬ್ಬರು ಹುಡುಗರು ಒಟ್ಟಿಗೆ ಗೇಟ್ ದಾಟಿದಾಗಲೆಲ್ಲಾ ಸರಿಯಾಗಿ ಆ ಹುಡುಗಿಯ ಚಾನೆಲ್ ಮೇಲೆ ಸಿಗ್ನಲ್ ಹುಟ್ಟುತ್ತಿದೆ. ಅವಳು ಕಣದ ಆ ತುದಿಯಲ್ಲಿದ್ದರೂ ಲ್ಯಾಪ್ ಬಿದ್ದದ್ದು ಹಾಗೆ.

ಸಮ ಅಂತರ ಇಟ್ಟದ್ದೇ ತಪ್ಪು. ಮೂವರಿದ್ದರೆ ಆರ್1, ಆರ್3, ಆರ್6 ತೆಗೆದುಕೊಳ್ಳಿ. ಆರ್6 5843. ಈ ಮೂರರಲ್ಲಿ ಹೇಗೆ ಲೆಕ್ಕ ಹಾಕಿದರೂ ಯಾರ ಚಾನೆಲ್ ಮೇಲೂ ನೇರವಾಗಿ ಬೀಳುವುದಿಲ್ಲ.

ಇನ್ನೂ ದೂರ ಇರಲಿ ಅಂತ ಆರ್7, ಆರ್8 ಕಡೆ ಹೋಗಬೇಡಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು 2018ರಲ್ಲಿ ಬಿಟ್ಟ ಪಟ್ಟಿ 5875ಕ್ಕೆ ಮುಗಿಯುತ್ತದೆ. ಆರ್7 5880, ಆರ್8 5917. ಎರಡೂ ಹೊರಗೆ.

ಕಣದಂಚು · ಸೋಮವಾರ ಮಧ್ಯಾಹ್ನ

ಅಕ್ಕಾ, ನಿಮ್ಮ ಲೆಕ್ಕ ನೋಡಿ ಮೈ ಜುಂ ಅಂದಿತು. ಆ ಹುಡುಗಿ ಟೈಮರ್ ಮುಂದೆ ನಿಂತು "ಇದಕ್ಕೆ ನನ್ನ ಮೇಲೇ ಯಾಕೆ ಕಣ್ಣು?" ಅಂತ ಕೇಳಿದ್ದಳು. ಈಗ ಅವಳಿಗೆ ಈ ಕಳೆಯುವ ಲೆಕ್ಕವನ್ನೇ ತೋರಿಸುತ್ತೇನೆ.

ಹೊಳೆದಂಡೆ · ಸೋಮವಾರ ರಾತ್ರಿ

ನಾಪೋಕ್ಲು ಕಡೆಯವನು, ಹೋಂಸ್ಟೇ ನಡೆಸುತ್ತೇನೆ. ಒಂದು ಸಣ್ಣ ಮಾತು. ಹತ್ತಿರದಲ್ಲಿ ಎರಡು ಬ್ಯಾಂಡಿನ ವೈಫೈ ರೂಟರ್ ಇದೆಯಾ? 149ನೇ ಚಾನೆಲಿನಿಂದ 80 ಮೆಗಾಹರ್ಟ್ಸ್ ಅಗಲಕ್ಕೆ ಇಟ್ಟಿದ್ದರೆ ಅದು 5735ರಿಂದ 5815ರವರೆಗೆ ಹರಡಿಕೊಳ್ಳುತ್ತದೆ. ಆರ್4, ಆರ್5 ಅದರ ಹೊಟ್ಟೆಯೊಳಗೆ. ನಮ್ಮ ಅಂಗಳದಲ್ಲಿ ಹುಡುಗರು ಹಾರಿಸುವಾಗ ವಿಡಿಯೋ ಕೆಟ್ಟು ಹುಡುಕಿ ಹುಡುಕಿ ಸಾಕಾಗಿತ್ತು. ಕೊನೆಗೆ ನೋಡಿದರೆ ಅತಿಥಿಗಳಿಗೆ ಅಂತ ವರಾಂಡದಲ್ಲಿ ಇಟ್ಟಿದ್ದ ರೂಟರ್. ಈಗ ಹಾರಿಸುವ ದಿನ 5 ಗಿಗಾಹರ್ಟ್ಸನ್ನು 36ನೇ ಚಾನೆಲಿಗೆ ಹಾಕುತ್ತೇನೆ, ಯಾರಿಗೂ ತೊಂದರೆ ಇಲ್ಲ.

ಬೆಸುಗೆಬಿಂದು · ಸೋಮವಾರ ರಾತ್ರಿ

ಹೊಳೆದಂಡೆ ಹೇಳಿದ್ದನ್ನು ಪರೀಕ್ಷಿಸುವುದು ಸುಲಭ. ಡ್ರೋನ್ ಯಾವುದನ್ನೂ ಹಚ್ಚಬೇಡಿ. ಒಂದು ಮಾಡ್ಯೂಲನ್ನು ಆರ್1ರಿಂದ ಆರ್6ರವರೆಗೆ ತಿರುಗಿಸಿ ಪ್ರತಿ ಚಾನೆಲಿನ ಸುಮ್ಮನಿರುವ ಮಟ್ಟ ಬರೆದುಕೊಳ್ಳಿ. ಎಲ್ಲಾ ಒಂದೇ ಥರ ಇರಬೇಕು. ಎಲ್ಲಾದರೂ ಉಬ್ಬಿದ್ದರೆ ಅಲ್ಲಿ ಬೇರೆ ಯಾರೋ ಮಾತಾಡುತ್ತಿದ್ದಾರೆ. ಅಳೆಯುವ ಮುಂಚೆ ಮಾಡ್ಯೂಲ್ ಒಂದೈದು ನಿಮಿಷ ಬೆಚ್ಚಗಾಗಲಿ. ತಣ್ಣಗಿದ್ದಾಗಿನ ಅಂಕಿಗೂ ಬಿಸಿಯಾದ ಮೇಲಿನ ಅಂಕಿಗೂ ವ್ಯತ್ಯಾಸ ಬರುತ್ತದೆ.

ಮಂಜಿನದಾರಿ · ಮಂಗಳವಾರ ಬೆಳಿಗ್ಗೆ

ಓದುತ್ತಾ ಓದುತ್ತಾ ನನಗೂ ಆಸೆ ಹತ್ತಿದೆ. ಆದರೆ ಎಲ್ಲಾ ಸ್ವಂತ ಬರೆಯಬೇಕಾ? ಸಿದ್ಧ ಸಾಫ್ಟ್‌ವೇರ್ ಇಲ್ಲವಾ?

ಬೆಸುಗೆಬಿಂದು · ಮಂಗಳವಾರ ಬೆಳಿಗ್ಗೆ

ಧಾರಾಳವಾಗಿ ಇದೆ, ಅದೂ ಉಚಿತ. ಒಬ್ಬರೇ ಅಭ್ಯಾಸ ಮಾಡುವುದಾದರೆ ಫೋಬೋಸ್‌ಎಲ್‌ಟಿ ನೋಡಿ. ಒಂದು ಇಎಸ್‌ಪಿ32, ಒಂದು ಆರ್‌ಎಕ್ಸ್5808, ಒಂದು ಸಂಜೆಯ ಕೆಲಸ. ಕ್ಲಬ್ ಮಟ್ಟಕ್ಕೆ ರೋಟರ್‌ಹಜಾರ್ಡ್. ಡೆಲ್ಟಾ5 ಅನ್ನುವ ಹಳೇ ಯೋಜನೆಯಿಂದ ಬೆಳೆದದ್ದು. ರಾಸ್ಪ್‌ಬೆರಿ ಪೈ ಮೇಲೆ ಸರ್ವರ್ ಓಡುತ್ತದೆ, ಪ್ರತಿ ರಿಸೀವರಿಗೆ ಒಂದು ನೋಡ್, ಎಂಟು ಪೈಲಟ್‌ಗಳವರೆಗೆ ಕಟ್ಟಬಹುದು. ಹೀಟ್ (ರೇಸಿನ ಒಂದೊಂದು ಸರದಿ), ಅಂಕ, ಫಲಿತಾಂಶ ಎಲ್ಲಾ ಅದರಲ್ಲೇ.

ನಿಜ ಹೇಳಬೇಕೆಂದರೆ ಕಣದಂಚು ಅವರಿಗೂ ನಾನು ಅದನ್ನೇ ಹೇಳುತ್ತಿದ್ದೆ. ಎಷ್ಟೋ ಜನ ಎಷ್ಟೋ ಮೈದಾನದಲ್ಲಿ ಹಾರಿಸಿ ಹಾರಿಸಿ ಹದ ಮಾಡಿದ ಕೋಡ್ ಅದು.

ಕಣದಂಚು · ಮಂಗಳವಾರ ರಾತ್ರಿ

ಸರ್, ಅದನ್ನು ಯೋಚಿಸಿದ್ದೆ. ಎರಡು ಕಾರಣಕ್ಕೆ ಬಿಟ್ಟೆ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಡ್ರೋನಿನದೇ ಹಳೇ ಬ್ಯಾಟರಿಯಲ್ಲಿ ಇಡೀ ಮಧ್ಯಾಹ್ನ ಓಡುವ ಚಿಕ್ಕ ಡಬ್ಬಿ ಬೇಕಿತ್ತು. ಇನ್ನೊಂದು, ಲೈನ್‌ಮನೆ ಹುಡುಗ ನನ್ನ ಜೊತೆ ಕೂತು ಕೋಡ್ ಕಲಿಯುತ್ತಿದ್ದಾನೆ. ಮೂರೇ ಪುಟದ ಕೋಡ್ ಆದರೆ ಅವನು ಪೂರ್ತಿ ಓದಬಲ್ಲ. ಪೈಲಟ್‌ಗಳು ಆರಾದ ದಿನ ರೋಟರ್‌ಹಜಾರ್ಡಿಗೇ ಹೋಗುತ್ತೇವೆ.

ಇವತ್ತು ಚಾನೆಲ್ ಎಲ್ಲಾ ಅಳೆದೆ. ಆರ್4, ಆರ್5 ಎರಡೂ ಉಬ್ಬಿದ್ದವು! ಪಕ್ಕದ ಹೋಂಸ್ಟೇಯವರನ್ನು ಕೇಳಿದೆ, ರೂಟರ್ 149ರಲ್ಲೇ ಇತ್ತು. ಅವರು ಸಂತೋಷದಿಂದ 36ಕ್ಕೆ ಬದಲಿಸಿಕೊಟ್ಟರು. ಹುಡುಗಿ ಹೇಗೂ ಈಗ ಆರ್6ಗೆ ಬಂದಾಯಿತು.

ಮೆಣಸುಬಳ್ಳಿ · ಬುಧವಾರ ಬೆಳಿಗ್ಗೆ

ಹಾರಿಸುವ ಜಾಗದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಡ್ರೋನ್ ನಿಯಮ 2021ರ ಪ್ರಕಾರ 250 ಗ್ರಾಂ ಒಳಗಿನ ನ್ಯಾನೋ ಡ್ರೋನಿಗೆ ಪೈಲಟ್ ಲೈಸೆನ್ಸ್ ಬೇಡ. ಹಾಗಂತ ಎಲ್ಲಿ ಬೇಕಾದರೂ ಹಾರಿಸಬಹುದು ಅಂತ ಅಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಕಣ ಹಸಿರು ವಲಯದಲ್ಲಿದೆಯಾ ನೋಡಿಕೊಳ್ಳಿ. ಕಾಡಿನ ಅಂಚಿನ ತೋಟದವರು ಹಾರಿಸುವುದು ಬೇಡವೇ ಬೇಡ. ನಮ್ಮ ಕಡೆ ತೋಟದೊಳಗೇ ಆನೆ ಬರುತ್ತದೆ. ಸಂಜೆ ಐದಾದರೆ ಮಕ್ಕಳನ್ನು ಒಳಗೆ ಕರೆಯುತ್ತೇವೆ. ಗಾಗಲ್ಸ್ ಹಾಕಿಕೊಂಡ ಮಗುವಿಗೆ ಹಿಂದೆ ಏನು ನಿಂತಿದೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಒಬ್ಬ ದೊಡ್ಡವರು ಇರಲೇಬೇಕು.

ಕಣದಂಚು · ಗುರುವಾರ ರಾತ್ರಿ

ಡಬ್ಬಿ ಹೊಸದಾಗಿ ಕಟ್ಟಿದೆ. ಹಂಚಿಕೊಳ್ಳಲೇಬೇಕು.

ಮನೆಯಲ್ಲಿ ಚೌಕದ ಬಿಸ್ಕೆಟ್ ಡಬ್ಬಿ ಇತ್ತು, ತಗಡಿನದು. ಅದರ ಒಂದು ಮುಖ ಕತ್ತರಿಸಿ ತೆಗೆದೆ. ಮೂರು ಆಂಟೆನಾವೂ ಆ ತೆರೆದ ಬಾಯಿಯ ಕಡೆ ಮುಖ ಮಾಡಿವೆ. ಹಿಂದೆ, ಪಕ್ಕ, ಕೆಳಗೆ ತಗಡು. ಗೇಟಿನ ಬುಡದಲ್ಲಿ ಇಟ್ಟಿಗೆಯ ಮೇಲಿಟ್ಟು ಬಾಯಿಯನ್ನು ಮೇಲಕ್ಕೆ, ಗೇಟಿನ ನಡುಭಾಗಕ್ಕೆ ತಿರುಗಿಸಿದೆ. ಪಲ್ಪರ್ ಮನೆ ಈಗ ಡಬ್ಬಿಯ ಬೆನ್ನಿಗೆ. ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದೆ, ನಿನ್ನೆ ಮಧ್ಯಾಹ್ನ ಗುಡುಗಿ ನಾಲ್ಕು ಹನಿ ಬಿತ್ತಲ್ಲ. ಆರ್‌ಎಸ್‌ಎಸ್‌ಐ ದಾರಿಯ ಕೆಪಾಸಿಟರನ್ನು ಬೋರ್ಡಿನ ಕಾಲಿಗೆ ಅಂಟಿದ ಹಾಗೇ ಬೆಸೆದೆ. ಮೊದಲು ಮಾಡ್ಯೂಲ್ ಹತ್ತಿರ ಹಾಕಿದ್ದೆ, ಅಷ್ಟು ಪ್ರಯೋಜನ ಆಗಲಿಲ್ಲ.

ಹೊಸ ಅಂಕಿ, 6 ಡಿಬಿಯಲ್ಲಿ: ಸುಮ್ಮನಿದ್ದಾಗ 1150, ಗೇಟಿನಲ್ಲಿ 2400, ಪಲ್ಪರ್ ಮನೆ ಹಿಂದೆ 1650. ಗ್ರಾಫಿನಲ್ಲಿ ಒಂದೇ ಗುಡ್ಡ! ಪಕ್ಕದಲ್ಲಿ ಚಿಕ್ಕ ದಿಬ್ಬ ಅಷ್ಟೇ. ಒಳಬರುವ ಗೆರೆ 2100, ಹೊರಹೋಗುವ ಗೆರೆ 1800 ಇಟ್ಟೆ: ಅಂಕಿ ಮೊದಲನೆಯದನ್ನು ದಾಟಿದರೆ ಡ್ರೋನ್ ಗೇಟಿಗೆ ಬಂತು, ಎರಡನೆಯದಕ್ಕಿಂತ ಇಳಿದರೆ ದಾಟಿ ಹೋಯಿತು.

ಒಂದು ಅನುಮಾನ ಉಳಿದಿದೆ. ಅಣ್ಣನ ಮಗ ಗೇಟಿನ ನಡುವೆ ಹೋದರೆ ಗುಡ್ಡದ ತಲೆ ಚಪ್ಪಟೆ. ಅದರಲ್ಲಿ ಅತಿ ದೊಡ್ಡ ಅಂಕಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆ. 30–40 ಮಿಲಿಸೆಕೆಂಡ್ ಅತ್ತಿತ್ತ.

ಬೆಸುಗೆಬಿಂದು · ಗುರುವಾರ ರಾತ್ರಿ

ಅತಿ ದೊಡ್ಡ ಅಂಕಿಯ ಹೊತ್ತು ಹಿಡಿಯಬೇಡಿ. ತಲೆ ಚಪ್ಪಟೆ ಇದ್ದರೆ ಆ ಚಪ್ಪಟೆ ಶುರುವಾದ ಹೊತ್ತು, ಮುಗಿದ ಹೊತ್ತು ಎರಡನ್ನೂ ಇಟ್ಟುಕೊಂಡು ನಡುವಿನದನ್ನು ತೆಗೆದುಕೊಳ್ಳಿ. ಹೊರಗೆರೆಗಿಂತ ಕೆಳಗಿಳಿದ ಮೇಲೆ ಲ್ಯಾಪ್ ಘೋಷಿಸಿ, ಹೊತ್ತು ಮಾತ್ರ ಆ ನಡುವಿನದು. ನಯ ಮಾಡುವುದರಿಂದ ಬರುವ ತಡ ಎಲ್ಲಾ ಸುತ್ತಿಗೂ ಒಂದೇ ಆದ್ದರಿಂದ ಒಂದು ದಾಟಿನಿಂದ ಇನ್ನೊಂದು ದಾಟಿಗೆ ಕಳೆಯುವಾಗ ಹೋಗಿಬಿಡುತ್ತದೆ. ಗಡಿಯಾರದ ಚಿಂತೆ ಬೇಡ. ಬೋರ್ಡಿನ ಕ್ರಿಸ್ಟಲ್ 10 ಪಿಪಿಎಂ (ಹತ್ತು ಲಕ್ಷಕ್ಕೆ 10) ತಪ್ಪಿದರೂ ಎರಡು ನಿಮಿಷದ ರೇಸಿಗೆ 1.2 ಮಿಲಿಸೆಕೆಂಡ್.

ಕನಿಷ್ಠ ಲ್ಯಾಪ್ ಹೊತ್ತನ್ನೂ ಇಡಿ. ನಿಮ್ಮ ಮಕ್ಕಳ ಸುತ್ತು 11 ಸೆಕೆಂಡ್ ಆಸುಪಾಸು ಇದ್ದರೆ 6 ಸೆಕೆಂಡ್ ಒಳಗೆ ಬಂದದ್ದನ್ನು ಎಣಿಸಬಾರದು. ಆದರೆ ಇದನ್ನು ಮೊದಲೇ ಹಾಕಿ ತಪ್ಪನ್ನು ಮುಚ್ಚಿಡಬಾರದು ಅಂತಲೇ ಇಷ್ಟು ದಿನ ಹೇಳಿರಲಿಲ್ಲ.

ರೇಸ್ ದಿನಕ್ಕೆ ಒಂದು ಶಿಸ್ತು. ಬಿದ್ದ ಡ್ರೋನನ್ನು ಹಚ್ಚಿದ ಹಾಗೇ ಗೇಟ್ ಪಕ್ಕ ತರಬಾರದು. ಬೇರೆಯವರು ಹಾರುವಾಗ ಯಾರೂ ಹೊಸದಾಗಿ ಬ್ಯಾಟರಿ ಸಿಕ್ಕಿಸಬಾರದು. ಹತ್ತಿರದ ಒಂದು ಟ್ರಾನ್ಸ್‌ಮಿಟರ್ ಸಾಕು, ಹಾರುತ್ತಿರುವವರ ಚಿತ್ರವೂ ಕೆಡುತ್ತದೆ, ಟೈಮರೂ ಕೆಡುತ್ತದೆ.

ಹೊಸಚಿಗುರು · ಶುಕ್ರವಾರ ಸಂಜೆ

ಅಣ್ಣಾ, ನನ್ನದು ಹಳೇ ಮಾಡ್ಯೂಲೇ ಆಗಿತ್ತು. ಭೂತಗನ್ನಡಿ ಇಟ್ಟುಕೊಂಡು ಆ ರೆಸಿಸ್ಟರ್ ತೆಗೆದೆ. ಈಗ ಚಾನೆಲ್ ಬದಲಾಗುತ್ತಿದೆ! ಇವತ್ತು ಮನೆ ಹಜಾರದಲ್ಲೇ ಕೈಯಲ್ಲಿ ಡ್ರೋನ್ ಹಿಡಿದು ನಡೆದೆ, ಗುಡ್ಡ ಬಂತು.

ಕಣದಂಚು · ಭಾನುವಾರ ರಾತ್ರಿ

ಇವತ್ತಿನ ಕಥೆ. ಬೆಳಿಗ್ಗೆ ಮಂಜು ಇತ್ತು, ಹತ್ತು ಗಂಟೆಗೆ ಬಿಟ್ಟಿತು. ನಾಲ್ಕು ಹೀಟ್, ಪ್ರತಿ ಹೀಟಿಗೆ ಐದು ಸುತ್ತು. ಟೈಮರ್ ಪಕ್ಕದಲ್ಲಿ ಫೋನಿನ ಕ್ಯಾಮೆರಾ ಇಟ್ಟು ಸೆಕೆಂಡಿಗೆ 240 ಚಿತ್ರದಂತೆ ತೆಗೆದೆ. ಆಮೇಲೆ ಮೂವರು ಮಕ್ಕಳೂ ನಾನೂ ಕೂತು ಒಂದು ಹೀಟಿನ ಚೌಕಟ್ಟುಗಳನ್ನು ಒಂದೊಂದಾಗಿ ಎಣಿಸಿದೆವು. ಟೈಮರಿಗೂ ವಿಡಿಯೋಗೂ ಅತಿ ಹೆಚ್ಚು ವ್ಯತ್ಯಾಸ ಬಂದದ್ದು 5 ಚೌಕಟ್ಟು, ಅಂದರೆ 21 ಮಿಲಿಸೆಕೆಂಡ್. ಅದೂ ಹುಡುಗಿ ಗೇಟಿನ ಮೇಲಂಚು ಸವರಿಕೊಂಡು ಹೋದ ಸುತ್ತಿನಲ್ಲಿ. ಹಾರದ ಲ್ಯಾಪ್ ಒಂದೂ ಇಲ್ಲ. ತಪ್ಪಿಹೋದ ಲ್ಯಾಪೂ ಇಲ್ಲ.

ಕೊನೆ ಹೀಟಿನಲ್ಲಿ ಅಣ್ಣನ ಮಗನೂ ಲೈನ್‌ಮನೆ ಹುಡುಗನೂ ಒಟ್ಟಿಗೇ ಗೇಟಿಗೆ ಬಂದರು. ಯಾರು ಮುಂದೆ ಅಂತ ನನಗೆ ಕಾಣಲೇ ಇಲ್ಲ. ಫೋನ್ ಮೊದಲು ಲೈನ್‌ಮನೆ ಹುಡುಗನ ಟೈಮ್ ಓದಿತು, "ಹನ್ನೊಂದು ಪಾಯಿಂಟ್ ನಾಲ್ಕು". ಅವನು ಗಾಗಲ್ಸ್ ತೆಗೆದು ನನ್ನ ಕಡೆ ನೋಡಿದ. ಅಣ್ಣನ ಮಗನೇ ಮೊದಲು ಹೋಗಿ ಅವನ ಬೆನ್ನು ತಟ್ಟಿದ.

ಕೋಡ್, ವೈರಿಂಗ್ ಚಿತ್ರ, ಡಬ್ಬಿಯ ಅಳತೆ ಎಲ್ಲಾ ನಾಳೆ ಹಾಕುತ್ತೇನೆ. ಚಿತ್ರ ಬಿಡಿಸುತ್ತಿರುವುದು ಹುಡುಗಿ. ಚಾನೆಲ್ ಲೆಕ್ಕಕ್ಕೆ ಒಂದು ಪುಟ ಬೇರೆಯೇ ಇರಬೇಕು ಅಂತ ಹಟ ಹಿಡಿದಿದ್ದಾಳೆ.

ಮೆಣಸುಬಳ್ಳಿ · ಭಾನುವಾರ ರಾತ್ರಿ

ಆ ಪುಟ ಮೊದಲು ನನಗೆ ಕಳಿಸಲು ಹೇಳಿ. ನಾಲ್ವರಿದ್ದರೆ ಯಾವ ನಾಲ್ಕು ಚಾನೆಲ್ ಅಂತ ಅವಳೇ ಹುಡುಕಲಿ, ಆರ್6 ದಾಟದ ಹಾಗೆ. ನನ್ನ ಉತ್ತರ ಬರೆದಿಟ್ಟಿದ್ದೇನೆ, ಹೇಳುವುದಿಲ್ಲ.

ಹೊಸಚಿಗುರು · ಸೋಮವಾರ ಬೆಳಿಗ್ಗೆ

ಅಣ್ಣಾ, ಮುಂದಿನ ಭಾನುವಾರ ನಾನೂ ಬರಬಹುದಾ? ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ನನ್ನದೂ ಬಲಸುತ್ತಿನ ಆಂಟೆನಾ.

ಕಣದಂಚು · ಸೋಮವಾರ ಬೆಳಿಗ್ಗೆ

ಬನ್ನಿ ಬನ್ನಿ. ಊಟ ನಮ್ಮಲ್ಲೇ. ಆರ್2 ನಿಮಗೆ ಕೊಡಬಹುದಾ ಅಂತ ಹುಡುಗಿ ಈಗಲೇ ಕಾಗದದಲ್ಲಿ ಕಳೆಯುತ್ತಾ ಕೂತಿದ್ದಾಳೆ.